ಹುಳುವಿನ ಬೆನ್ನ ಮೇಲೊಂದು ಮೋಡ

ಅವರೆ ಬಳ್ಳಿಯ ಕುಡಿಯಲ್ಲಿ ಹೇನು ತಿನ್ನುತ್ತಾ ಕೂತ ಗುಲಗಂಜಿ ಹುಳುವಿನ ಫೋಟೊ ತೆಗೆದು ನೋಡಿ. ಫ್ಲ್ಯಾಶ್ ಮಿಂಚಿದ್ದೇ ತಡ, ಕೆಂಪು ಬೆನ್ನಿನ ನಡುವೆ ಸುಣ್ಣ ಮೆತ್ತಿದಂಥ ಬಿಳಿ ಚುಕ್ಕೆ ಬೀಳುತ್ತದೆ. ಹೊಟ್ಟೆಯ ಕೆಳಗೆ ಮಸಿಗಪ್ಪು. ಕಾಲುಗಳು ಎಲ್ಲಿವೆಯೆಂದೇ ತಿಳಿಯದು.

ಬೆಳಕು ಹೆಚ್ಚಾಯಿತೆಂದು ಫ್ಲ್ಯಾಶ್ ತಗ್ಗಿಸಿದರೆ ಚಿತ್ರವೆಲ್ಲ ಮಬ್ಬಾಗುತ್ತದೆ, ನೆರಳಿನ ಗಡಸು ಮಾತ್ರ ಹೋಗುವುದಿಲ್ಲ. ತೊಂದರೆ ಇರುವುದು ಬೆಳಕು ಹೊರಡುವ ಜಾಗದ ಅಗಲದಲ್ಲಿ. ಸೂರ್ಯನನ್ನೇ ನೋಡಿ: ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೂ 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟೇ. ಅದಕ್ಕೇ ಬಿಸಿಲಿನ ನೆರಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬೀಳುತ್ತದೆ. ಮೋಡ ಕವಿದ ದಿನ ಆಕಾಶಕ್ಕೆ ಆಕಾಶವೇ ದೀಪ. ಎಲ್ಲ ಕಡೆಯಿಂದ ಬಂದ ಬೆಳಕು ನೆರಳಿನೊಳಗೂ ಇಳಿಯುತ್ತದೆ.

ಕ್ಯಾಮೆರಾದ ಫ್ಲ್ಯಾಶ್‌ಗೂ ಇಂಥದೊಂದು ಮೋಡ ಬೇಕು. ಸ್ಟೇಷನರಿ ಅಂಗಡಿಯ ಬಟರ್ ಪೇಪರ್ ಸಾಕು. ಎ4 ಅಳತೆಯ ಹಾಳೆಯ ಒಂದು ಅಂಚನ್ನು ಫ್ಲ್ಯಾಶ್‌ನ ನೆತ್ತಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಇನ್ನೊಂದು ಅಂಚು ಲೆನ್ಸಿನ ತುದಿಯಾಚೆಗೆ ಚಾಚಿ ಬಾಗುವಂತೆ ಬಿಡಿ. ಹಾಳೆ ಜೋಲು ಬಿದ್ದರೆ ಎರಡೂ ಬದಿಗೆ ತೆಳು ಬಿದಿರು ಕಡ್ಡಿ ಅಂಟಿಸಿ. ಹಾಳೆಯ ನಡುಭಾಗ ಮಾತ್ರ ಉರಿದಂತೆ ಕಂಡರೆ ಎರಡು ಸೆಂಟಿಮೀಟರ್ ಅಂತರದಲ್ಲಿ ಇನ್ನೊಂದು ಹಾಳೆ ಕಟ್ಟಬೇಕು. ಮೊದಲನೆಯದು ಚದುರಿಸಿದ ಬೆಳಕು ಆ ಸಂದಿಯಲ್ಲಿ ಹರಡಿಕೊಂಡು ಎರಡನೆಯದನ್ನು ತುಂಬುತ್ತದೆ. ಹಳದಿ ಛಾಯೆಯ ಕಾಗದ ಬೇಡ, ಹುಳುವೂ ಹಳದಿಯಾದೀತು.

ಹತ್ತು ಸೆಂಟಿಮೀಟರ್ ದೂರದ ಹುಳುವಿಗೆ ಇಪ್ಪತ್ತು ಸೆಂಟಿಮೀಟರ್ ಅಗಲದ ಈ ಹಾಳೆ ತೊಂಬತ್ತು ಡಿಗ್ರಿಯಷ್ಟು ಹರಡಿ ಕಾಣುತ್ತದೆ. ಎಂದರೆ ಆಕಾಶದ ಅರ್ಧ ಅಗಲ! ಬೆನ್ನಿನ ಚುಕ್ಕೆ ಹರಡಿ ಹಾಲಿನಂಥ ಹೊಳಪಾಗುತ್ತದೆ, ಕಾಲುಗಳು ಒಂದೊಂದಾಗಿ ಎಣಿಕೆಗೆ ಸಿಗುತ್ತವೆ. ಕಾಗದ ಒಂದಷ್ಟು ಬೆಳಕನ್ನು ನುಂಗುತ್ತದೆ ನಿಜ. ಹುಳು ಇಷ್ಟು ಹತ್ತಿರವಿರುವಾಗ ಅದು ಲೆಕ್ಕಕ್ಕಿಲ್ಲ.

ಇದೇ ಹಾಳೆ ಹಿಡಿದು ಎರಡು ಮೀಟರ್ ದೂರದಲ್ಲಿ ಕೂತ ಅಜ್ಜಿಯ ಫೋಟೊ ತೆಗೆದರೆ ಮಾತ್ರ ನಿರಾಶೆಯಾಗುತ್ತದೆ. ಅಜ್ಜಿಯ ಪಾಲಿಗೆ ಅದು ಆರು ಡಿಗ್ರಿಯೂ ಇಲ್ಲ. ಫ್ಲ್ಯಾಶ್‌ನ ಮೂತಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳಿಗೆ ಹಣ ಸುರಿಯಬೇಡಿ ಎನ್ನುವುದು ಇದೇ ಕಾರಣಕ್ಕೆ. ಬಯಲಿನಲ್ಲಿ ಅವುಗಳಿಂದ ಬೆಳಕು ವ್ಯರ್ಥವಾಗುವುದೇ ಹೆಚ್ಚು. ಮನೆಯೊಳಗಾದರೆ ಫ್ಲ್ಯಾಶ್‌ನ ಮುಂದೆ ಬಿಳಿ ರಟ್ಟೊಂದನ್ನು ಓರೆಯಾಗಿ ಹಿಡಿದು ಬೆಳಕನ್ನು ಸುಣ್ಣ ಬಳಿದ ಚಾವಣಿಗೆ ಹೊಡೆಯಿರಿ. ಚಾವಣಿಯೇ ಮೋಡವಾಗುತ್ತದೆ. ಹಸಿರು ಬಣ್ಣದ ಗೋಡೆಗೆ ಹೊಡೆದರೆ ಅಜ್ಜಿಯ ಮುಖವೂ ಹಸಿರಾಗುತ್ತದೆ, ನೆನಪಿರಲಿ.

ಏನೇ ಪ್ರಯೋಗ ಮಾಡಿದರೂ ಫ್ಲ್ಯಾಶ್‌ನ ಹೊರಗೇ ಮಾಡಿ. ಹಳೆಯದೆಂದು ಬಿಚ್ಚಲು ಹೋಗಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ.