ಹೊಂಗೆ ಮರದ ಬುಡದ ‘ಗ್ಯಾಸು’

ಅರಕಲಗೂಡು ಕಡೆಯ ನಮ್ಮ ಸೋದರಮಾವನಿಗೆ ಮಧ್ಯಾಹ್ನ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ. ಕೈ ತೊಳೆದು ಟವೆಲ್ ಹೆಗಲಿಗೆ ಹಾಕಿದರೆ ನೇರ ಮೇಲಿನ ಹೊಲಕ್ಕೆ. ಏರು ಶುರುವಾಗುವ ಕಡೆ ಒಂದು ಹೊಂಗೆ ಮರ. ಅಲ್ಲಿಗೆ ಬರುವಷ್ಟರಲ್ಲಿ ಎದೆಯ ಮೇಲೆ ಕಲ್ಲು ಹೇರಿದ ಹಾಗೆ. ಮರಕ್ಕೊರಗಿ ಎರಡು ನಿಮಿಷ ನಿಂತರೆ ಮಾಯ. ಅತ್ತೆ ಕೇಳಿದರೆ, “ಏನಿಲ್ಲ ಕಣೇ, ಗ್ಯಾಸು. ಒಂದು ಸೋಡಾ ಕುಡುದ್ರೆ ಸರಿಹೋಯ್ತದೆ.”

ಗ್ಯಾಸಾದರೆ ದಿನಾ ಅದೇ ಮರದ ಬುಡಕ್ಕೇ ಯಾಕೆ ಬರಬೇಕು? ನಡೆದಾಗ ಬಂದು, ನಿಂತರೆ ಹೋಗುವ ಈ ನೋವಿಗೆ ಡಾಕ್ಟರುಗಳು ಆಂಜೈನಾ ಅನ್ನುತ್ತಾರೆ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಇದನ್ನು ವಿವರಿಸುವಾಗಲೇ ಗುರುತು ಹೇಳಿದ್ದ: ಏರು ಹತ್ತುವಾಗ, ಅದರಲ್ಲೂ ಉಂಡ ಕೂಡಲೇ ಹಿಡಿಯುತ್ತದೆ. ಹೊಟ್ಟೆ ತುಂಬಿದಾಗ ಜೀರ್ಣಕ್ಕೆ ರಕ್ತ ಒದಗಿಸಲು ಹೃದಯ ಆಗಲೇ ಹೆಚ್ಚು ದುಡಿಯುತ್ತಿರುತ್ತದೆ. ಅದರ ಮೇಲೆ ಏರು. ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೆ ಎರಡನ್ನೂ ತೂಗಿಸಲಾಗದು. ಶ್ರವಣಬೆಳಗೊಳದಲ್ಲಿ ಭರ್ಜರಿ ಊಟ ಮುಗಿಸಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲು ಹೊರಡುವವರಿಗೂ ಇದೇ ಲೆಕ್ಕ.

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸಾಲುಸಾಲಾಗಿ ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನವೋ ಜನ. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಖಚಿತವಾದವು, ಇರಬಹುದಾದವು ಎಲ್ಲ ಸೇರಿ 20 ಹೃದಯದವು. ಆದರೆ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಬೊಟ್ಟು ಮಾಡಿದ್ದು ಬಿಪಿ, ಶುಗರ್, ಬೊಜ್ಜು, ಧೂಮಪಾನಗಳತ್ತ. ಆ ದಿನಗಳ ಹೆದರಿಕೆಯಲ್ಲೇ ಅತ್ತೆ ಮಾವನನ್ನು ಆಸ್ಪತ್ರೆಗೆ ಎಳೆದೊಯ್ದರು. ಮಾತ್ರೆ ಶುರುವಾಯಿತು, ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಜೇಬಿಗೆ ಬಂತು. ಉಳಿದದ್ದು ಅಡುಗೆಮನೆಯ ಕೆಲಸ.

ನಮ್ಮ ಕಡೆಯ ಊಟದಲ್ಲಿ ದೂರುವಂಥದ್ದು ಕಡಿಮೆಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಷ್ಟೇ ಹುರುಳಿಯಲ್ಲಿ 20 ಗ್ರಾಂ ದಾಟುವ ಪ್ರೋಟೀನು. ಬಸ್ಸಾರು, ಮಸ್ಸೊಪ್ಪು ಬೇಡವೆನ್ನುವ ಡಾಕ್ಟರನ್ನು ನಾನಂತೂ ಕಂಡಿಲ್ಲ. ತಕರಾರು ಮುದ್ದೆಯ ಗಾತ್ರದ್ದು, ಉಪ್ಪಿನದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ನಮ್ಮದೋ, ಹೆಸರಲ್ಲೇ ಉಪ್ಪಿರುವ ಉಪ್ಸಾರು!

ಅತ್ತೆ ಉಪ್ಸಾರು ಬಿಡಲಿಲ್ಲ. ಕಾಳು ಸೊಪ್ಪು ಬೆಂದ ಕಟ್ಟಿಗೆ ಉಪ್ಪು ಬೀಳುವ ಮೊದಲೇ ಮಾವನ ಪಾಲನ್ನು ಪುಟ್ಟ ಪಾತ್ರೆಗೆ ಬಸಿದುಕೊಂಡರು. ಖಾರ ಅರೆಯುವಾಗ ಉಪ್ಪು ಚಿಟಿಕೆಗೆ ಇಳಿಯಿತು. ಬೆಳ್ಳುಳ್ಳಿ, ಜೀರಿಗೆ, ಹುಣಸೆ ಏರಿದವು. ಮೊದಲ ವಾರ ಮಾವ “ಆಸ್ಪತ್ರೆ ಸಾರು” ಅಂತ ಮುಖ ಸಿಂಡರಿಸಿದರು. ಮೂರನೇ ವಾರ ನೆಂಟರ ಮನೆ ಸಾರೇ ಅವರಿಗೆ ಉಪ್ಪಾಯಿತು. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು, ಎರಡು ಮುದ್ದೆ ಒಂದಾಯಿತು. ಅಂಗಡಿಯ ‘ಲೋ ಸೋಡಿಯಂ’ ಉಪ್ಪನ್ನು ಮಾತ್ರ ಕೇಳದೆ ತರಬೇಡಿ: ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆಯವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಆಗಿಬರುವುದಿಲ್ಲ.

ಚನ್ನರಾಯಪಟ್ಟಣದ ನೆಂಟರು ಚೀಲಗಟ್ಟಲೆ ತೆಂಗಿನಕಾಯಿ ಹೊತ್ತು ತರುತ್ತಾರೆ. ಪಲ್ಯಕ್ಕೊಂದು ಹಿಡಿ ತುರಿಗೆ ಜಗಳವಿಲ್ಲ. ಕೊಬ್ಬರಿ ಎಣ್ಣೆಯ ಮಾತು ಬೇರೆ, ಸುಮಾರು ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು.

ಬೇಕರಿಯ ವಿಷಯ ಎತ್ತಲು ಹಾಸನದವರಿಗೆ ಸ್ವಲ್ಪ ಸಂಕಟ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಎಚ್.ಎಸ್. ತಿರುಮಲಾಚಾರ್ ನಮ್ಮ ಜಿಲ್ಲೆಯವರೇ. ಅಯ್ಯಂಗಾರ್ ಬೇಕರಿಗಳ ಬೇರು ಇಲ್ಲೇ. ಪಫ್ಸ್, ಬಿಸ್ಕತ್ತುಗಳಿಗೆ ಹಾಕುವ ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ ಶೇ 2 ಮೀರಬಾರದೆಂಬ ನಿಯಮ 2022ರಿಂದ ಇದೆ. ಆದರೂ ಮೈದಾ, ಡಾಲ್ಡಾ, ಉಪ್ಪು ಮೂರೂ ಒಟ್ಟಿಗೆ ಕೂತ ತಿಂಡಿ ಅದು. ಹೊಳೆನರಸೀಪುರದಲ್ಲಿ ಬಸ್ಸಿಗೆ ಕಾಯುತ್ತಾ ಮಾವ ಈಗ ಕಡಲೆಕಾಯಿ ಸುಲಿಯುತ್ತಾರೆ.

ಊಟ ಹತೋಟಿಗೆ ಆಗುತ್ತದೆ, ಮಾತ್ರೆಯ ಬದಲಿಗೆ ಆಗುವುದಿಲ್ಲ. ಕೂತಲ್ಲೇ ನೋವು ಬಂದರೆ, ನಿಂತರೂ ಇಳಿಯದಿದ್ದರೆ, ಬೆವರು ಕಿತ್ತು ಎಡಗೈಗೋ ದವಡೆಗೋ ಹರಿದರೆ ಸೋಡಾ, ಕಷಾಯ ಹುಡುಕುತ್ತಾ ಕೂರದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಓಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ಕಡೆ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಮಾವ ಈಗ ಉಂಡು ಜಗಲಿಯಲ್ಲಿ ಒಂದು ಗಂಟೆ ಕೂತು, ಬಿಸಿಲಿಳಿದ ಮೇಲೆ ಹೊಲಕ್ಕೆ ಹೋಗುತ್ತಾರೆ. ಹೊಂಗೆ ಮರ ದಾಟಿಯೂ ಆಯಿತು. ಆದರೆ ಮೊನ್ನೆ, ರಾಮನಾಥಪುರದ ಹರಾಜಿಗೆಂದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹಿಂದೆ, ಹಂಚಿನ ಸಂದಿಯಲ್ಲಿ ಅತ್ತೆಗೆ ಅರ್ಧ ಕಟ್ಟು ಬೀಡಿ ಸಿಕ್ಕಿದೆ. ಅಂದಿನಿಂದ ಆ ಮನೆಯಲ್ಲಿ ಉಪ್ಪಿನ ಜಗಳ ನಿಂತಿದೆ.