ಸೂಜಿಗೆ ಮೊದಲು ಒಂದು ಹನಿ ರಕ್ತ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಕೊಯ್ಲು ಮುಗಿಯುತ್ತಾ ಬಂದಂತೆ ಕಾಡಿನಲ್ಲಿ ದರಗು ಉದುರಿ ಒಣಗುತ್ತದೆ. ಕೊಟ್ಟಿಗೆಗೆ ಹಾಸಲು ಅದನ್ನು ಗುಡಿಸಿ ತರುವ ಕಾಲವೂ ಅದೇ, ಉಣುಗು ಮೈಗೆ ಹತ್ತುವ ಕಾಲವೂ ಅದೇ. ಅಲ್ಲಿಂದ ಮಳೆಗಾಲದವರೆಗೆ ನಮಗೆ ಬರುವ ಫೋನುಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತದೆ: "ಡಾಕ್ಟ್ರೇ, ದನಕ್ಕೆ ಜ್ವರ. ಮೇವು ಮುಟ್ಟುತ್ತಿಲ್ಲ, ಹಾಲು ಅರ್ಧಕ್ಕೆ ಇಳಿದಿದೆ. ಬಂದು ಒಂದು ಇಂಜೆಕ್ಷನ್ ಕೊಟ್ಟುಬಿಡಿ."

ಇಂಜೆಕ್ಷನ್ ಕೊಡುವುದು ಕಷ್ಟದ ಕೆಲಸವಲ್ಲ. ಯಾವುದನ್ನು ಕೊಡಬೇಕು ಎಂಬುದೇ ಪ್ರಶ್ನೆ. ಜ್ವರ ಕಾಯಿಲೆಯ ಹೆಸರಲ್ಲ, ಅದು ಕಾಯಿಲೆಯ ಗುರುತು ಮಾತ್ರ. ಗುರುತು ನೋಡಿ ಮದ್ದು ಕೊಟ್ಟರೆ ಒಮ್ಮೆ ತಾಗಬಹುದು, ಒಮ್ಮೆ ತಪ್ಪಬಹುದು. ತಪ್ಪಿದಾಗ ಹೋಗುವುದು ಮದ್ದಿನ ದುಡ್ಡಷ್ಟೇ ಅಲ್ಲ, ಹಸುವನ್ನು ಉಳಿಸಿಕೊಳ್ಳಬಹುದಾಗಿದ್ದ ಎರಡು ಮೂರು ದಿನಗಳೂ ಹೋಗುತ್ತವೆ.

ಗಂಜಲ ಕೆಂಪಾದರೆ ಎಲ್ಲವೂ ಒಂದೇ ಕಾಯಿಲೆಯಲ್ಲ

ಉಣುಗಿನಿಂದ ಹಸುಗಳಿಗೆ ಮುಖ್ಯವಾಗಿ ಮೂರು ಜ್ವರಗಳು ಬರುತ್ತವೆ.

ಮೊದಲನೆಯದು ಥೈಲೇರಿಯಾ. ಜ್ವರ 104, 105 ಡಿಗ್ರಿ ದಾಟುತ್ತದೆ. ಭುಜದ ಮುಂದೆ ಅಥವಾ ಕಿವಿಯ ಕೆಳಗೆ ಗಂಟು ಕೈಗೆ ಸಿಗುತ್ತದೆ. ಹಸು ಏದುಸಿರು ಬಿಡುತ್ತದೆ. ಜರ್ಸಿ, ಎಚ್.ಎಫ್. ಮಿಶ್ರತಳಿಗಳಿಗೆ ಇದರ ಪೆಟ್ಟು ಜೋರು. ನಮ್ಮ ಮಲೆನಾಡು ಗಿಡ್ಡ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ.

ಎರಡನೆಯದು ಬೆಬೀಸಿಯಾ. ಜ್ವರದ ಜೊತೆಗೆ ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಮೂರನೆಯದು ಅನಾಪ್ಲಾಸ್ಮಾ. ಇದರಲ್ಲಿ ಗಂಜಲ ಕೆಂಪಾಗುವುದಿಲ್ಲ. ಕಣ್ಣು, ಒಸಡು ಬಿಳಿಚಿಕೊಂಡು ಆಮೇಲೆ ಹಳದಿಯಾಗುತ್ತವೆ, ಸಗಣಿ ಗಟ್ಟಿಯಾಗುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಥೈಲೇರಿಯಾಕ್ಕೆ ಕೊಡುವ ಬುಪಾರ್ವಾಕ್ವೋನ್ ದುಬಾರಿ ಮದ್ದು, ಅದು ಅನಾಪ್ಲಾಸ್ಮಾಕ್ಕೆ ಕೆಲಸ ಮಾಡುವುದಿಲ್ಲ. ಅನಾಪ್ಲಾಸ್ಮಾಕ್ಕೆ ಕೊಡುವ ಟೆಟ್ರಾಸೈಕ್ಲಿನ್‌ನಿಂದ ಬೆಬೀಸಿಯಾ ವಾಸಿಯಾಗುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಎರಡರಿಂದ ನಾಲ್ಕು ವಾರದೊಳಗೆ ಕಾಫಿ ಬಣ್ಣದ ಗಂಜಲ ಮಾಡುವುದುಂಟು. ಅದಕ್ಕೆ ಉಣುಗೂ ಕಾರಣವಲ್ಲ, ಯಾವ ರೋಗಾಣುವೂ ಕಾರಣವಲ್ಲ. ರಂಜಕದ ಕೊರತೆಯಿಂದ ರಕ್ತಕಣಗಳು ಒಡೆದು ಹಾಗಾಗುತ್ತದೆ. ಇದರಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಅಂದರೆ ಹಿತ್ತಲಿನಲ್ಲಿ ಕಾಣುವ ಬಣ್ಣ ಒಂದೇ ಆದರೂ ಒಂದು ಹಸುವಿಗೆ ಬೇಕಾದದ್ದು ಪರೋಪಜೀವಿಯನ್ನು ಕೊಲ್ಲುವ ಮದ್ದು, ಇನ್ನೊಂದಕ್ಕೆ ಬೇಕಾದದ್ದು ರಂಜಕ. ಎರಡರ ನಡುವಿನ ವ್ಯತ್ಯಾಸವನ್ನು ಮೊದಲು ಹೇಳುವುದು ಥರ್ಮಾಮೀಟರ್, ಖಚಿತಪಡಿಸುವುದು ರಕ್ತಪರೀಕ್ಷೆ.

ರಕ್ತ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕಿವಿಯ ತುದಿಯ ರಕ್ತನಾಳವನ್ನು ಸೂಜಿಯಿಂದ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು ಒಣಗಿಸುತ್ತೇವೆ. ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣದೊಳಗೆ ಕೂತಿರುವ ರೋಗಾಣು ಕಾಣುತ್ತದೆ. ಥೈಲೇರಿಯಾ ಅನುಮಾನವಿದ್ದರೆ ಊದಿದ ಗಂಟಿನಿಂದಲೂ ಸೂಜಿಯಲ್ಲಿ ಸ್ವಲ್ಪ ತೆಗೆದು ನೋಡುತ್ತೇವೆ.

ಈ ಪರೀಕ್ಷೆಗೆ ಒಂದು ಕಟ್ಟುಪಾಡಿದೆ. ಮದ್ದು ಕೊಡುವ ಮೊದಲೇ ರಕ್ತ ತೆಗೆಯಬೇಕು. ಅಂಗಡಿಯಿಂದ ತಂದ ಇಂಜೆಕ್ಷನ್ ನಿನ್ನೆಯೇ ಬಿದ್ದಿದ್ದರೆ ರಕ್ತದಲ್ಲಿ ರೋಗಾಣು ಕಾಣದೆ ಹೋಗಬಹುದು, ಹಸು ಮಾತ್ರ ಪೂರ್ತಿ ವಾಸಿಯಾಗಿರುವುದಿಲ್ಲ. ಆಗ ನಮ್ಮ ಕೈಯಲ್ಲಿ ರೋಗವೂ ಇಲ್ಲ, ಉತ್ತರವೂ ಇಲ್ಲ. ಜೊತೆಗೆ ಆ್ಯಂಟಿಬಯೋಟಿಕ್ ಪಡೆದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಸಂಘಕ್ಕೆ ಹಾಕುವಂತಿಲ್ಲ. ಬೇಡದ ಆ್ಯಂಟಿಬಯೋಟಿಕ್ ಎಂದರೆ ಬೇಡದ ನಷ್ಟ.

"ಹಾಗಾದರೆ ರಿಪೋರ್ಟ್ ಬರುವವರೆಗೆ ಹಸು ನರಳಬೇಕೇ?" ಎಂದು ಕೇಳುತ್ತೀರಿ. ಬೇಡ. ಹಸು ಕಷ್ಟದಲ್ಲಿದ್ದರೆ ಮೊದಲು ರಕ್ತ ತೆಗೆದು, ಆ ಕೂಡಲೇ ಚಿಕಿತ್ಸೆ ಶುರು ಮಾಡುತ್ತೇವೆ. ಲಕ್ಷಣ ನೋಡಿ ಕೊಟ್ಟ ಮದ್ದು ಸರಿಯೇ, ಬದಲಿಸಬೇಕೇ ಎಂದು ಆಮೇಲೆ ರಿಪೋರ್ಟ್ ಹೇಳುತ್ತದೆ.

ಪರೀಕ್ಷೆಗೂ ಮಿತಿ ಇದೆ. ಜ್ವರದ ಶುರುವಿನಲ್ಲಿ ರೋಗಾಣು ಕಡಿಮೆ ಇದ್ದರೆ ಸ್ಲೈಡಿನಲ್ಲಿ ಕಾಣದೆ ಹೋಗಬಹುದು. ಆದ್ದರಿಂದ "ಏನೂ ಸಿಗಲಿಲ್ಲ" ಎಂದರೆ "ಏನೂ ಇಲ್ಲ" ಎಂದು ಅರ್ಥವಲ್ಲ, ಮತ್ತೊಮ್ಮೆ ನೋಡಬೇಕಾಗಬಹುದು. ಇದರ ತಿರುವುಮುರುವೂ ಉಂಟು. ಹಿಂದೆ ಕಾಯಿಲೆ ಬಂದು ವಾಸಿಯಾದ ಹಸುವಿನ ರಕ್ತದಲ್ಲಿ ಬಹುಕಾಲ ಒಂದಿಷ್ಟು ರೋಗಾಣು ಉಳಿದಿರುತ್ತದೆ. ಅಂಥ ಹಸು ಚೆನ್ನಾಗಿ ತಿಂದು, ಮೆಲುಕು ಹಾಕಿ, ಹಾಲು ಕೊಡುತ್ತಿದ್ದರೆ ರಿಪೋರ್ಟ್ ಒಂದನ್ನೇ ನೋಡಿ ಅದಕ್ಕೆ ಚುಚ್ಚಬೇಕಾಗಿಲ್ಲ. ಪಕ್ಕದ ಮನೆಯ ಹಸುವಿಗೆ ಬಂತೆಂದು ಕೊಟ್ಟಿಗೆಯ ಎಲ್ಲ ದನಗಳ ರಕ್ತ ತೆಗೆಸುವ ಅಗತ್ಯವೂ ಇಲ್ಲ. ಕಾಯಿಲೆ ಬಿದ್ದ ಹಸುವನ್ನು ಸರಿಯಾದ ದಿನ ಪರೀಕ್ಷಿಸುವುದು ಮುಖ್ಯ.

ನಾವು ಬರುವ ಮೊದಲು ನೀವು ಮಾಡಬಹುದಾದದ್ದು

ಹಸುವನ್ನು ದಿನವೂ ಮುಟ್ಟಿ ನೋಡುವವರು ನೀವು. ನಿಮ್ಮ ಕಣ್ಣಿಗೆ ಬಿದ್ದದ್ದೇ ಮೊದಲ ಪರೀಕ್ಷೆ.

• ಮನೆಯಲ್ಲಿ ದನಕ್ಕೆಂದೇ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಗುದದ್ವಾರದಲ್ಲಿ ಒಂದೆರಡು ನಿಮಿಷ ಹಿಡಿದು ನೋಡಿ. ಹಸುವಿಗೆ 101ರಿಂದ 102 ಡಿಗ್ರಿ ಸಹಜ. 103 ದಾಟಿದರೆ ತಡಮಾಡದೆ ತಿಳಿಸಿ.

• ಜ್ವರ ಶುರುವಾದ ದಿನ, ಹಾಲು ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂದು ಬರೆದಿಡಿ.

• ಗಂಜಲದ ಬಣ್ಣ ಮಣ್ಣಿನ ಮೇಲೆ ತಿಳಿಯುವುದಿಲ್ಲ. ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು ನೋಡಿ.

• ಕಿವಿಯ ಒಳಗೆ, ಕೆಚ್ಚಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ಇದೆಯೇ ನೋಡಿ.

• ಈಗಾಗಲೇ ಏನಾದರೂ ಮದ್ದು ಕೊಟ್ಟಿದ್ದರೆ ಮುಚ್ಚಿಡಬೇಡಿ. ಬಾಟಲಿಯನ್ನೇ ತೋರಿಸಿ. ಬೈಗುಳ ಬರುವುದಿಲ್ಲ.

ಹತ್ತಿರದ ಪಶು ಆಸ್ಪತ್ರೆಯವರು ಸಿಗದಿದ್ದರೆ 1962ಕ್ಕೆ ಕರೆ ಮಾಡಬಹುದು.

ನಿಮಗೇ ಜ್ವರ ಬಂದರೆ

ಇನ್ನು ಮುಂದಿನದು ನಿಮ್ಮ ಬಗ್ಗೆ. ಹಸುವಿಗೆ ಜ್ವರ ಬಂದರೆ ಸಂಜೆಯೊಳಗೆ ನಮಗೆ ಫೋನ್ ಬರುತ್ತದೆ. ತಮಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ, ತಲೆಗೆ ಬಟ್ಟೆ ಬಿಗಿದು, ಹಾಲು ಕರೆಯಲು ಕೂರುವವರೇ ಹೆಚ್ಚು. ನಮ್ಮ ಮೂರು ತಾಲ್ಲೂಕುಗಳಲ್ಲಿ ಹಾಗೆ ಕಳೆಯುವ ದಿನಗಳಿಂದ ಜೀವಕ್ಕೇ ಅಪಾಯವಾಗಬಹುದು, ಏಕೆಂದರೆ ಇದು ಮಂಗನ ಕಾಯಿಲೆಯ ಸೀಮೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಜನರಿಗೂ ಜ್ವರ ಬಂದಾಗ ಈ ವೈರಾಣು ಪತ್ತೆಯಾಯಿತು. ಅದಕ್ಕೇ ಇದಕ್ಕೆ ಕೆ.ಎಫ್.ಡಿ. ಎಂದು ಹೆಸರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವು ಜೀವಗಳನ್ನು ತೆಗೆದುಕೊಂಡಿತು. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡದ ಜೊತೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿತು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ವೈದ್ಯರ ಲೆಕ್ಕ. ಹಿಂದೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಈ ವೈರಾಣುವಿಗೇ ಎಂದು ಮದ್ದಿಲ್ಲ. ಬೇಗ ಪತ್ತೆಹಚ್ಚಿ, ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರೆ ಹೆಚ್ಚಿನವರು ಬದುಕುತ್ತಾರೆ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆಯಲ್ಲಿ ವಿಪರೀತ ನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿ ಶುರುವಾಗುತ್ತದೆ. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ಡೆಂಗಿ, ಇಲಿಜ್ವರಗಳೂ ಶುರುವಿನಲ್ಲಿ ಹೀಗೇ ಕಾಣುತ್ತವೆ. ಇಲ್ಲಿಯೂ ಲಕ್ಷಣ ಒಂದೇ, ಕಾಯಿಲೆ ಬೇರೆ.

ಇಲ್ಲಿ ದಿನದ ಲೆಕ್ಕಕ್ಕೆ ಇನ್ನೂ ಹೆಚ್ಚು ಬೆಲೆ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣು ಇರುತ್ತದೆ, ಅದನ್ನು ಹಿಡಿಯುವುದು ಆರ್‌ಟಿ-ಪಿಸಿಆರ್ ಪರೀಕ್ಷೆ. ದಿನ ಕಳೆದಂತೆ ವೈರಾಣು ಕಡಿಮೆಯಾಗಿ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಕಾಣುತ್ತದೆ, ಅದನ್ನು ಹಿಡಿಯುವುದು ಐಜಿಎಂ ಎಲೈಸಾ. ಯಾವ ಪರೀಕ್ಷೆ ಮಾಡಬೇಕೆಂದು ತಿಳಿಯಲು ಜ್ವರ ಎಂದು ಶುರುವಾಯಿತೆಂದು ಗೊತ್ತಿರಬೇಕು. ಡೆಂಗಿ ಪರೀಕ್ಷೆ ನೆಗೆಟಿವ್ ಬಂದರೆ ಡೆಂಗಿ ಸಿಕ್ಕಿಲ್ಲ ಎಂದಷ್ಟೇ ಅರ್ಥ. ಮಂಗನ ಕಾಯಿಲೆಯ ಬಗ್ಗೆ ಆ ಪರೀಕ್ಷೆ ಏನನ್ನೂ ಹೇಳಿಲ್ಲ.

ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ "ಜ್ವರ" ಎಂದಷ್ಟೇ ಹೇಳಬೇಡಿ. "ಕಾಡಿಗೆ ಹೋಗಿದ್ದೆ, ದರಗು ತಂದಿದ್ದೆ, ಉಣುಗು ಕಚ್ಚಿತ್ತು, ಜ್ವರ ಬಂದು ಇಂಥ ದಿನಕ್ಕೆ ಇಷ್ಟಾಯಿತು" ಎಂದು ಪೂರ್ತಿ ಹೇಳಿ. ಸುತ್ತಮುತ್ತ ಮಂಗ ಸತ್ತಿದ್ದರೆ ಅದನ್ನೂ ಹೇಳಿ. ಡಾಕ್ಟರು ಕೇಳದಿದ್ದರೂ ಹೇಳಿ. ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ತಲೆಸುತ್ತು, ನಡುಕ, ಗೊಂದಲ ಕಾಣಿಸುತ್ತದೆ. ಆಗ ಮತ್ತೆ ಆಸ್ಪತ್ರೆಗೆ ಹೋಗಲೇಬೇಕು.

ಹಾಲಿನ ಭಯ ಬೇಡ, ದರಗಿನ ಎಚ್ಚರ ಇರಲಿ

ಹಸುವಿನ ಹಾಲಿನಿಂದ ಮಂಗನ ಕಾಯಿಲೆ ಬಂದದ್ದಕ್ಕೆ ಪುರಾವೆ ಇಲ್ಲ. ಮನುಷ್ಯರಿಂದ ಮನುಷ್ಯರಿಗೂ ಅದು ಹರಡುವುದಿಲ್ಲ. ಕಾಯಿಲೆ ಬಂದ ಮನೆಯವರನ್ನು ಡೈರಿಯಲ್ಲಿ ದೂರ ನಿಲ್ಲಿಸಬೇಡಿ. ಆದರೆ ಮೇಯಲು ಹೋದ ದನದ ಮೈಮೇಲೆ ಕಾಡಿನ ಉಣುಗು ರಕ್ತ ಕುಡಿದು ಬೆಳೆಯುತ್ತದೆ, ನಾವು ಹೊತ್ತು ತಂದ ದರಗಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳಿರುತ್ತವೆ.

ಮಂಗ ಸತ್ತ ಜಾಗದ ಕಡೆಯಿಂದ ದರಗು, ಸೊಪ್ಪು ತರಬೇಡಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ, ಅರಣ್ಯ ಇಲಾಖೆಗೆ ಅಥವಾ ನಮಗೆ ತಿಳಿಸಿ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿಕೊಂಡು, ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ದನದ ಉಣುಗನ್ನು ಬರಿಗೈಯಲ್ಲಿ ಕಿತ್ತು ಹಿಸುಕಬೇಡಿ. ಹಾಲು ಕರೆಯುವ ಹಸುವಿಗೆ ಯಾವ ಉಣುಗಿನ ಮದ್ದು ಆಗುತ್ತದೆ ಎಂದು ಕೇಳಿಯೇ ಹಾಕಿ.

ಗೋಡೆಯ ಕ್ಯಾಲೆಂಡರಿನಲ್ಲಿ ಹಸು ಬೆದೆಗೆ ಬಂದ ದಿನ, ಇಂಜೆಕ್ಷನ್ ಮಾಡಿಸಿದ ದಿನ, ಕರು ಹಾಕಿದ ದಿನ ಬರೆದಿಡುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗೆ ಇದೆ. ಅದೇ ಕ್ಯಾಲೆಂಡರಿನಲ್ಲಿ ಜ್ವರ ಶುರುವಾದ ದಿನಕ್ಕೂ ಒಂದು ಗುರುತು ಹಾಕಿ. ಹಸುವಿಗೆ ಬಂದರೆ ಹಸುವಿನ ಹೆಸರು ಬರೆಯಿರಿ, ನಿಮಗೆ ಬಂದರೆ ನಿಮ್ಮ ಹೆಸರು ಬರೆಯಿರಿ.