ಬಲೆಗೆ ಕಣ್ಣಿದೆ, ತೋಟಾಕ್ಕಿಲ್ಲ

ಕೃಷ್ಣೆಗೆ ಹೊಸ ನೀರು ಬಂದ ದಿನ ತಿಂಥಣಿ ಸೇತುವೆಯ ಮೇಲೆ ನಿಂತವರ ಕಣ್ಣು ನೀರಿನ ಬಣ್ಣದ ಮೇಲಿರುತ್ತದೆ. ಆ ಕೆಂಪು ನೀರಿನಡಿ ಕಾಟ್ಲಾ, ರೋಹು ಮೀನುಗಳು ಹೊಟ್ಟೆ ತುಂಬ ತತ್ತಿ ಹೊತ್ತು ಸೆಳವಿಗೆ ಎದುರಾಗಿ ಈಜುತ್ತಿರುತ್ತವೆ. ಇವುಗಳಿಗೆ ಮುಂಗಾರಿನ ನೆರೆಯೇ ಮೊಟ್ಟೆಯಿಡುವ ಕಾಲ. ಆದರೆ ಮೇಲ್ಗಡೆ ನಾರಾಯಣಪುರದ ಅಣೆಕಟ್ಟು ಅಡ್ಡ ನಿಂತಿದೆ. ದಾರಿ ಕಟ್ಟಿಹೋಗಿ ಗುಂಪುಗೂಡಿದ ಮೀನನ್ನು ಹಿಡಿಯುವುದು ಬಲು ಸಲೀಸು.

ಹಾಗೆ ಸಿಕ್ಕ ಒಂದು ಬಸುರಿ ಮೀನು ತಕ್ಕಡಿಯಲ್ಲಿ ಎರಡು ಮೂರು ಕಿಲೋ ತೂಗೀತು. ನದಿ ಕಳೆದುಕೊಂಡದ್ದು ಲಕ್ಷಗಟ್ಟಲೆ ಮೊಟ್ಟೆ. ಅಷ್ಟರಲ್ಲಿ ಬೆಳೆದು ದೊಡ್ಡದಾಗುವುದು ಕೆಲವೇ ಕೆಲವು. ಆದ್ದರಿಂದಲೇ ಮೀನು ಅಷ್ಟೊಂದು ಇಡುತ್ತದೆ. ಒಂದು ಮೀನು ಒಮ್ಮೆಯಾದರೂ ಮರಿ ಮಾಡುವ ತನಕ ಅದನ್ನು ಬಿಡಬೇಕು. ಮೀನುಗಾರಿಕೆಯ ಕಾನೂನುಗಳೆಲ್ಲ ಹೆಚ್ಚುಕಡಿಮೆ ಈ ಒಂದು ಲೆಕ್ಕದ ಸುತ್ತಲೇ ಹೆಣೆದಿವೆ. ಹರಿಗೋಲಿನಲ್ಲಿ ಹೋಗಿ ಅಗಲ ಕಣ್ಣಿನ ಬಲೆ ಬಿಡುವ ಬೆಸ್ತ ಈ ಲೆಕ್ಕವನ್ನು ಬಲೆಯಲ್ಲೇ ಇಟ್ಟುಕೊಂಡಿರುತ್ತಾನೆ. ಮರಿ ಆ ಕಣ್ಣಿನಲ್ಲಿ ತೂರಿ ಹೋಗುತ್ತದೆ.

ಮೀನು ಕೊಲ್ಲಲು ನೀರಿಗೆಸೆಯುವ ಸಿಡಿಮದ್ದಿನ ತೋಟಾಕ್ಕೆ ಅಂಥ ಕಣ್ಣಿಲ್ಲ. ನೀರನ್ನು ಗಾಳಿಯಂತೆ ಅದುಮಲು ಬರುವುದಿಲ್ಲ. ಹಾಗಾಗಿ ಸಿಡಿತದ ಒತ್ತಡ ಅದರಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ, ಗಾಳಿಯಲ್ಲಿನ ಸದ್ದಿನ ನಾಲ್ಕು ಪಟ್ಟಿಗೂ ಮಿಗಿಲಾಗಿ ಹಾಯುತ್ತದೆ. ಮೀನನ್ನು ತೇಲಿಸುವ ಒಳಗಿನ ಗಾಳಿಚೀಲ ಒಂದೇ ಕ್ಷಣದಲ್ಲಿ ಕುಗ್ಗಿ, ಹಿಗ್ಗಿ, ಹರಿಯುತ್ತದೆ. ಚೀಲ ಹರಿದ ಮೀನುಗಳಲ್ಲಿ ಎಷ್ಟೋ ತೇಲುವುದೇ ಇಲ್ಲ, ತಳಕ್ಕಿಳಿದು ಕೊಳೆಯುತ್ತವೆ. ತೋಟಾ ಹಾಕಿದವನ ಕೈಗೂ ಅವು ಸಿಗುವುದಿಲ್ಲ. 1897ರ ಮೀನುಗಾರಿಕೆ ಕಾಯ್ದೆಯೇ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತ್ತು. ಮೀನು ನಂಬಿದ ನೀರುನಾಯಿಗೂ ತೋಟಾ ಕಂಟಕವೇ. ನೆರೆಯ ತುಂಗಭದ್ರೆಯಲ್ಲಿ 2015ರಲ್ಲಿ ಅದಕ್ಕೆಂದೇ ಸಂರಕ್ಷಿತ ಪ್ರದೇಶ ಘೋಷಿಸಬೇಕಾಯಿತು.

ಕರಾವಳಿಯಲ್ಲಿ ಇದೇ ಕೆಲಸವನ್ನು ಬೆಳಕು ಮಾಡುತ್ತದೆ. ಕತ್ತಲ ರಾತ್ರಿ ಬೋಟಿನಿಂದ ಪ್ರಖರ ಎಲ್‌ಇಡಿ ದೀಪ ಹೊತ್ತಿಸಿದರೆ ಸಣ್ಣ ಜೀವಿಗಳು ಮುತ್ತುತ್ತವೆ, ಅವನ್ನು ತಿನ್ನಲು ಮೀನು, ಬೊಂಡಾಸ, ಜತೆಗೆ ಮರಿಗಳೂ ಬರುತ್ತವೆ. ಸುತ್ತ ಬಲೆ ಬಿಗಿದರೆ ಮುಗಿಯಿತು. ದಡದಿಂದ ಕೈರಂಪಣಿ ಎಳೆಯುವವರಿಗೆ, ನಾಡದೋಣಿಯವರಿಗೆ ಉಳಿಯುವುದೇನು? ಅವರ ಸಿಟ್ಟು ನ್ಯಾಯವಾದದ್ದು. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಇದನ್ನು ನಿಷೇಧಿಸಿತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗಿನ ಕಡಲು ರಾಜ್ಯದ 1986ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಲ್ಲದೆ ಪ್ರತಿ ವರ್ಷ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲಬೇಕು. ಬೂತಾಯಿ ಮೊಟ್ಟೆಯಿಡುವುದೂ ಆ ಮಳೆಗಾಲದಲ್ಲೇ.

ಈ 61 ದಿನಗಳ ರಜೆ ಮುಗಿದ ಮೇಲೆ ಮತ್ತೆ ಬಲೆಯ ಕಣ್ಣಿನ ಮಾತು ಬರುತ್ತದೆ. ಟ್ರಾಲ್ ಬಲೆಯ ಹಿಂಬದಿಯ ಚೀಲದಲ್ಲಿ ಓರೆ ಕಣ್ಣುಗಳಿದ್ದರೆ, ಬೋಟು ಎಳೆದ ಹಾಗೆಲ್ಲ ಅವು ಬಿಗಿದು ಮುಚ್ಚಿಕೊಳ್ಳುತ್ತವೆ. ಬಲೆ ಗೋಡೆಯಾಗುತ್ತದೆ. ಅದೇ ನೂಲು, ಅದೇ ಅಳತೆ, ಕಣ್ಣನ್ನು ಮಾತ್ರ ಚೌಕಕ್ಕೆ ತಿರುಗಿಸಿ ಹೆಣೆದರೆ ಎಷ್ಟೇ ಎಳೆದರೂ ತೆರೆದೇ ಇರುತ್ತದೆ. ಬೆರಳುದ್ದದ ಮರಿ ಅಲ್ಲಿಂದ ನುಸುಳಿ ಕಡಲಿಗೆ ವಾಪಸಾಗುತ್ತದೆ.